ಕ್ಯಾರಮೆಲ್ ಕಸ್ಟರ್ಡ್: ತೂತು, ನೀರು, ಮೊಟ್ಟೆ ವಾಸನೆ ಯಾಕೆ?

ಪ್ರಶ್ನೆ: ಅರ್ಧ ಲೀಟರ್ ಹಾಲು, ನಾಲ್ಕು ಮೊಟ್ಟೆ, 100 ಗ್ರಾಂ ಸಕ್ಕರೆ ಹಾಕಿ ಮನೆಯಲ್ಲಿ ಆಗಾಗ ಕ್ಯಾರಮೆಲ್ ಕಸ್ಟರ್ಡ್ ಮಾಡುತ್ತೇನೆ. ಅಳತೆ ಅದೇ, ಡಬ್ಬಿಯೂ ಅದೇ. ಆದರೂ ಒಂದು ಸಲ ನುಣ್ಣಗೆ ಬಂದರೆ ಇನ್ನೊಂದು ಸಲ ಒಳಗೆಲ್ಲ ತೂತು. ತಟ್ಟೆಗೆ ಮಗುಚಿದರೆ ಸುತ್ತ ನೀರು ನಿಲ್ಲುತ್ತದೆ, ಮೊಟ್ಟೆ ವಾಸನೆ ಬೇರೆ. ಕುಕ್ಕರಿನಲ್ಲಿ ವೆಯ್ಟ್ ಇಡದೆ 25 ನಿಮಿಷ ಬೇಯಿಸಿ, ನಡುವೆ ಚಾಕು ಚುಚ್ಚಿ ನೋಡಿ, ಏನೂ ಅಂಟದಿದ್ದರೆ ಮಾತ್ರ ಇಳಿಸುತ್ತೇನೆ. ಮೊಟ್ಟೆ ಸಾಲದ್ದಕ್ಕೆ ನೀರು ಬಿಡುತ್ತಿದೆ ಎಂದು ಯಾರೋ ಹೇಳಿದರೆಂದು ಕಳೆದ ಸಲ ಆರು ಮೊಟ್ಟೆ, ಒಂದು ದೊಡ್ಡ ಚಮಚ ಕಸ್ಟರ್ಡ್ ಪೌಡರ್ ಹಾಕಿದೆ. ಅದು ರಬ್ಬರಾಯಿತು. ಕ್ಯಾರಮೆಲ್ ಅರ್ಧಕ್ಕರ್ಧ ಡಬ್ಬಿಯ ತಳದಲ್ಲೇ ಕಲ್ಲಾಗಿ ಉಳಿಯುತ್ತದೆ. ಕೆಲವು ಸಲ ಒಲೆಯ ಮೇಲಿರುವಾಗಲೇ ಪಾಕ ಬಿಳಿ ಸಕ್ಕರೆಯಾಗಿಬಿಡುತ್ತದೆ. ಹಳದಿಯ ಮೇಲಿನ ಪೊರೆ ತೆಗೆದರೆ ವಾಸನೆ ಹೋಗುತ್ತದೆ ಎನ್ನುತ್ತಾರೆ, ನಿಜವೇ? ಓವನ್ ಕೊಂಡರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ಅರ್ಧ ಲೀಟರ್ ಹಾಲಿಗೆ ನಾಲ್ಕು ಮೊಟ್ಟೆ ಎಂದರೆ ಮಗುಚಿದರೂ ಕುಸಿಯದೆ ನಿಲ್ಲುವ ಸರಿಯಾದ ಪ್ರಮಾಣ. ತೂತು, ನೀರು, ವಾಸನೆ ಇವನ್ನು ನೀವು ಮೂರು ತೊಂದರೆ ಎಂದುಕೊಂಡಿದ್ದೀರಿ. ಮೂರಕ್ಕೂ ಕಾರಣ ಒಂದೇ: ಕಸ್ಟರ್ಡ್ ಅಗತ್ಯಕ್ಕಿಂತ ಹೆಚ್ಚು ಬೆಂದಿದೆ. ಕ್ಯಾರಮೆಲ್‌ನದು ಬೇರೆ ಕಥೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊಟ್ಟೆಯ ಪ್ರೋಟೀನುಗಳು ಕಾದಾಗ ತಮ್ಮ ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯ ನಡುವೆ ಹಾಲಿನ ನೀರು ಸಿಕ್ಕಿಕೊಂಡು ನಿಲ್ಲುವುದಕ್ಕೇ ನಾವು ಕಸ್ಟರ್ಡ್ ಹೆಪ್ಪುಗಟ್ಟಿತು ಎನ್ನುತ್ತೇವೆ. ಬರೀ ಮೊಟ್ಟೆಯಾದರೆ ಬಿಳಿಭಾಗ 62 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಗಟ್ಟಿಯಾಗತೊಡಗುತ್ತದೆ, ಹಳದಿ 65ರಿಂದ 70ಕ್ಕೆ. ಹಾಲು ಸೇರಿಸಿ ತೆಳುಮಾಡಿ ಸಕ್ಕರೆಯನ್ನೂ ಹಾಕಿದಾಗ ಈ ಮಟ್ಟ ಮೇಲೇರುತ್ತದೆ. ನಿಮ್ಮ ಅಳತೆಯ ಮಿಶ್ರಣ ಹದವಾಗಿ ನಿಲ್ಲುವುದು 78ರಿಂದ 82 ಡಿಗ್ರಿಯ ಒಳಗೆ. 85 ದಾಟಿತೆಂದರೆ ಹೆಣಿಗೆ ಬಿಗಿಯುತ್ತಾ ಹೋಗುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರನ್ನು ಹೊರಗೆ ನೂಕುತ್ತದೆ. ತಟ್ಟೆಯಲ್ಲಿ ನಿಲ್ಲುವ ನೀರು ಅದೇ. ಇನ್ನೂ ಮೇಲೇರಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಸುತ್ತಲೂ ಆಗಲೇ ಗಟ್ಟಿಯಾಗಿರುವುದರಿಂದ ಗುಳ್ಳೆಯ ಜಾಗ ತೂತಾಗಿ ಉಳಿದುಬಿಡುತ್ತದೆ. ಕೆಲಸಕ್ಕೆ ಬೇಕಾದ ಕಾವಿಗೂ ಕೆಡಿಸುವ ಕಾವಿಗೂ ನಡುವೆ ಇರುವುದು ನಾಲ್ಕೈದು ಡಿಗ್ರಿ ಅಷ್ಟೇ. ಕುಕ್ಕರಿನೊಳಗಿನ ಹಬೆ, ವೆಯ್ಟ್ ಇಲ್ಲದಿದ್ದರೂ, 100 ಡಿಗ್ರಿ ಇರುತ್ತದೆ. ಎತ್ತರದ ಊರುಗಳಲ್ಲಿ ನೀರು ಕಡಿಮೆ ಕಾವಿಗೇ ಕುದಿಯುವುದರಿಂದ ಅಪಾಯ ತುಸು ಕಡಿಮೆ, ಆದರೆ ಅದನ್ನು ನಂಬಿ ಕೂರುವಷ್ಟಲ್ಲ.

ಹಾಗಾದರೆ ಕೆಲವು ಸಲ ಚೆನ್ನಾಗಿ ಬಂದದ್ದು ಹೇಗೆ? 25 ನಿಮಿಷವನ್ನು ಯಾವಾಗಿನಿಂದ ಎಣಿಸುತ್ತೀರಿ ಎಂಬುದನ್ನು ನೆನಪಿಸಿಕೊಳ್ಳಿ. ಫ್ರಿಜ್‌ನಿಂದ ತೆಗೆದ ಹಾಲು, ಮೊಟ್ಟೆ ಬಳಸಿ ತಣ್ಣನೆಯ ನೀರಿನ ಕುಕ್ಕರಿಗೆ ಇಟ್ಟರೆ ಆ 25 ನಿಮಿಷದಲ್ಲಿ ಒಳ್ಳೆಯ ಪಾಲು ಬರೀ ಬೆಚ್ಚಗಾಗುವುದಕ್ಕೇ ಹೋಗುತ್ತದೆ. ಕಾಯಿಸಿದ ಹಾಲಿನಲ್ಲಿ ಮಾಡಿ, ಕುದಿಯುವ ನೀರಿಗೆ ಇಟ್ಟ ದಿನ ಅದೇ 25 ನಿಮಿಷ ವಿಪರೀತವಾಗುತ್ತದೆ. ಉರಿ ಎಷ್ಟಿತ್ತು ಎಂಬುದೂ ಇದಕ್ಕೆ ಸೇರುತ್ತದೆ. ಅಳತೆ ಒಂದೇ ಇದ್ದರೂ ಕಾವು ಒಂದೇ ಇರಲಿಲ್ಲ.

ಇನ್ನೊಂದು ವಿಷಯ ಗಮನಕ್ಕೆ ಬರುವುದು ಕಡಿಮೆ. ನಿಧಾನಕ್ಕೆ ಕಾಯಿಸಿದಷ್ಟೂ ಕಸ್ಟರ್ಡ್ ಕಡಿಮೆ ಡಿಗ್ರಿಯಲ್ಲೇ ನಿಲ್ಲುತ್ತದೆ, ಒಡೆಯುವ ಮಟ್ಟಕ್ಕೆ ಮೊದಲು ನಿಮಗೆ ಸಮಯ ಸಿಗುತ್ತದೆ. ಜೋರು ಉರಿಯಲ್ಲಿ ನಿಲ್ಲುವ ಮಟ್ಟ ಮೇಲೆ ಸರಿದು ಒಡೆಯುವ ಮಟ್ಟಕ್ಕೆ ತಾಗಿಬಿಡುತ್ತದೆ. ಹದ ಬಂತು ಎಂದು ಕಾಣುವಷ್ಟರಲ್ಲಿ ಹದ ಮೀರಿರುತ್ತದೆ.

ಆರು ಮೊಟ್ಟೆ ಹಾಕಿದಾಗ ಇನ್ನೂ ಕೆಟ್ಟದ್ದಕ್ಕೆ ಕಾರಣವೂ ಇಲ್ಲೇ ಇದೆ. ಮೊಟ್ಟೆ ಹೆಚ್ಚಾದಂತೆ ಪ್ರೋಟೀನು ದಟ್ಟವಾಗಿ, ಮೊದಲಿಗಿಂತ ಕಡಿಮೆ ಕಾವಿಗೇ ಗಟ್ಟಿಯಾಗುತ್ತದೆ. ನೀವು ಬೇಯಿಸಿದ್ದು ಮಾತ್ರ ಅಷ್ಟೇ ಹೊತ್ತು. ನೀರು ಬಿಡುವುದಕ್ಕೆ ಮೊಟ್ಟೆ ಕಡಿಮೆಯಾದದ್ದೇ ಕಾರಣ ಎಂಬ ಮಾತು ತುಂಬ ಜನರ ಬಾಯಲ್ಲಿದೆ. ಮೊಟ್ಟೆ ನಿಜಕ್ಕೂ ಸಾಲದಿದ್ದರೆ ಕಸ್ಟರ್ಡ್ ನಿಲ್ಲುವುದೇ ಇಲ್ಲ, ಮಗುಚಿದಾಗ ಹರಡಿಕೊಳ್ಳುತ್ತದೆ. ಗಟ್ಟಿಯಾಗಿ ನಿಂತು, ತೂತಾಗಿ, ಪಕ್ಕದಲ್ಲಿ ನೀರು ಬಿಟ್ಟರೆ ಅದು ಬೆಂದು ಹೆಚ್ಚಾದದ್ದು, ಅನುಮಾನ ಬೇಡ. ಮೃದುತನ ಬೇಕಾದರೆ ಮೊಟ್ಟೆ ಏರಿಸಬೇಡಿ. ಮೂರು ಇಡೀ ಮೊಟ್ಟೆ, ಎರಡು ಹಳದಿ ಹಾಕಿ ನೋಡಿ. ಆಕಾರ ನಿಲ್ಲಿಸುವುದು ಬಿಳಿಭಾಗ, ನುಣುಪು ಕೊಡುವುದು ಹಳದಿ. ಬರೀ ಹಳದಿಯಲ್ಲಿ ಮಾಡಿದ್ದು ಬಟ್ಟಲಿನಲ್ಲೇ ತಿನ್ನಲು ಸೊಗಸು, ಮಗುಚಲು ಹೋದರೆ ಕುಸಿಯುತ್ತದೆ.

ಕಸ್ಟರ್ಡ್ ಪೌಡರ್ ಬಗ್ಗೆ: ಹೆಸರು ಹಾಗಿದ್ದರೂ ಸಾಮಾನ್ಯವಾಗಿ ಅದರಲ್ಲಿ ಮೊಟ್ಟೆ ಇರುವುದಿಲ್ಲ, ಇರುವುದು ಕಾರ್ನ್‌ಫ್ಲೋರ್, ಬಣ್ಣ, ಪರಿಮಳ. 1837ರಲ್ಲಿ ಇಂಗ್ಲೆಂಡಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಅದನ್ನು ಕಂಡುಹಿಡಿದದ್ದೇ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಪಿಷ್ಟದ ಕಣಗಳು ಉಬ್ಬಿ ಪ್ರೋಟೀನುಗಳ ನಡುವೆ ಅಡ್ಡ ನಿಲ್ಲುವುದರಿಂದ ಮೊಟ್ಟೆ ಬೇಗ ಒಡೆಯುವುದಿಲ್ಲ ಎಂಬುದು ನಿಜ. ಕೇಕಿಗೆ ತುಂಬುವ ಗಟ್ಟಿ ಕ್ರೀಮನ್ನು ಧೈರ್ಯವಾಗಿ ಕುದಿಸಬಹುದಾದದ್ದು ಇದರಿಂದಲೇ. ಆದರೆ ಹಬೆಯಲ್ಲಿ ಅಲುಗಾಡದೆ ಬೇಯುವ ಕಸ್ಟರ್ಡಿನಲ್ಲಿ ಪಿಷ್ಟ ಬೇಯುವ ಮೊದಲೇ ತಳಕ್ಕಿಳಿದು ಹಿಟ್ಟಿನ ಪದರವಾಗುತ್ತದೆ, ಬಾಯಿಗೆ ಅಂಟಂಟು ಎನಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಕ್ಯಾರಮೆಲ್ ಕಸ್ಟರ್ಡಿಗೆ ಅದು ಬೇಡವೇ ಬೇಡ.

ವಾಸನೆ ಮತ್ತು ಪೊರೆ. ಹಳದಿಯ ಸುತ್ತಲಿನ ಪೊರೆ ಬಹಳ ತೆಳು. ಅದನ್ನು ಬೆರಳಲ್ಲಿ ಎತ್ತಿ ಸುಲಿಯುವ ಶ್ರಮ ವ್ಯರ್ಥ. ನಿಮಗೆ ಹಿಡಿಸದ ವಾಸನೆ ಹೊರಡುವುದು ಮುಖ್ಯವಾಗಿ ಬಿಳಿಭಾಗದಿಂದ. ಅದರ ಪ್ರೋಟೀನುಗಳಲ್ಲಿ ಗಂಧಕ ಇರುತ್ತದೆ, ಹೆಚ್ಚು ಹೊತ್ತು ಹೆಚ್ಚು ಕಾವು ತಾಗಿದಾಗ ಅದು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಬಿಡುಗಡೆಯಾಗುತ್ತದೆ. ಹಳೆಯ ಮೊಟ್ಟೆಯಲ್ಲಿ ಇನ್ನೂ ಜಾಸ್ತಿ. ತಾಜಾ ಮೊಟ್ಟೆ, ಸರಿಯಾದ ಬೇಯಿಸುವಿಕೆ, ಒಂದು ಟೀ ಚಮಚ ವೆನಿಲ್ಲಾ, ಇಷ್ಟು ಸಾಕು. ನಿಂಬೆ ಅಥವಾ ಕಿತ್ತಳೆ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ಹೆರೆದು ಬಿಸಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೂ ಒಳ್ಳೆಯ ಪರಿಮಳ. ರಸ ಮಾತ್ರ ಹಾಕಬೇಡಿ, ಹುಳಿಗೆ ಹಾಲೂ ಒಡೆಯುತ್ತದೆ, ಮೊಟ್ಟೆಯೂ ಬೇಗ ಬಿಗಿಯುತ್ತದೆ. ಮಿಶ್ರಣವನ್ನು ಸೋಸಲೇಬೇಕು, ಅದು ವಾಸನೆಗಲ್ಲ: ಬಿಳಿಭಾಗದ ಹಗ್ಗದಂಥ ಎಳೆಗಳು ಜರಡಿಯಲ್ಲಿ ಉಳಿಯಲಿ ಎಂದು.

ಈಗ ಕ್ಯಾರಮೆಲ್. ಒಂದು ಲೀಟರ್ ಹಿಡಿಯುವ ಅಚ್ಚಿಗೆ 100 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ನೀರು, ನಾಲ್ಕೈದು ಹನಿ ನಿಂಬೆರಸ. ದಪ್ಪ ತಳದ, ಒಳಗೆ ತಿಳಿ ಬಣ್ಣದ ಪಾತ್ರೆ ತಗೊಳ್ಳಿ. ಕಪ್ಪು ಬಾಣಲೆಯಲ್ಲಿ ಪಾಕದ ಬಣ್ಣ ಕಾಣುವುದಿಲ್ಲ. ಸಕ್ಕರೆ ಕರಗುವವರೆಗೆ ಮಾತ್ರ ಚಮಚ ಆಡಿಸಿ. ಕುದಿ ಬಂದ ಮೇಲೆ ಚಮಚ ಹೊರಗೆ. ಪಾಕ ಬಿಳಿ ಸಕ್ಕರೆಯಾಗಿ ತಿರುಗುವುದು ಪಾತ್ರೆಯ ಗೋಡೆಗೆ ಅಂಟಿದ ಹರಳೊಂದು ಒಳಕ್ಕೆ ಬಿದ್ದಾಗ, ಇಲ್ಲವೇ ನೀವು ಕಲಕಿದಾಗ. ಒಂದು ಹರಳು ಸಿಕ್ಕಿದರೆ ಉಳಿದ ಸಕ್ಕರೆಯೆಲ್ಲ ಅದಕ್ಕೇ ಅಂಟಿಕೊಂಡು ಹರಳುಗಟ್ಟುತ್ತದೆ. ಕುದಿ ಶುರುವಾದಾಗ ಎರಡು ನಿಮಿಷ ಮುಚ್ಚಳ ಹಾಕಿಟ್ಟರೆ ಒಳಗಿನ ಹಬೆಯೇ ಗೋಡೆಯನ್ನು ತೊಳೆದುಬಿಡುತ್ತದೆ. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅವು ನಡುವೆ ನಿಂತು ಹರಳು ಬೆಳೆಯಗೊಡುವುದಿಲ್ಲ. ಇಷ್ಟಾಗಿಯೂ ಬಿಳಿಯಾದರೆ ಚೆಲ್ಲಬೇಡಿ, ಮೂರು ನಾಲ್ಕು ಚಮಚ ನೀರು ಹಾಕಿ ಪೂರ್ತಿ ಕರಗಿಸಿ ಮತ್ತೆ ಕುದಿಸಿದರೆ ಆಯಿತು.

ಮಧ್ಯಮ ಉರಿಯಲ್ಲಿ ಆರರಿಂದ ಒಂಬತ್ತು ನಿಮಿಷಕ್ಕೆ ಗುಳ್ಳೆಗಳು ದೊಡ್ಡದಾಗಿ, ಸೋಮಾರಿಯಾಗಿ ಏಳತೊಡಗುತ್ತವೆ. ಅಂಚಿನಲ್ಲಿ ಬಣ್ಣ ತಿರುಗುತ್ತದೆ. ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಬಣ್ಣ ಸಮ ಮಾಡಿ. ತಿಳಿ ಚಿನ್ನದ ಬಣ್ಣದಲ್ಲಿ ಇಳಿಸಿದರೆ ಬರೀ ಸಿಹಿ, ರುಚಿಯಿಲ್ಲ. ಹಾಲಿಲ್ಲದ ಟೀ ಬಣ್ಣಕ್ಕೆ ಬಂದಾಗ, ಅಂದರೆ 170ರಿಂದ 175 ಡಿಗ್ರಿಗೆ, ಇಳಿಸಿ. 190 ದಾಟಿದರೆ ಕಹಿ, ಅದನ್ನು ಸರಿಪಡಿಸುವ ಉಪಾಯ ಯಾವುದೂ ಇಲ್ಲ. ಇಳಿಸಿದ ಮೇಲೂ ಪಾತ್ರೆಯ ಕಾವಿಗೆ ಬಣ್ಣ ಗಾಢವಾಗುತ್ತಲೇ ಇರುತ್ತದೆ, ಆದ್ದರಿಂದ ಬೇಕಾದ ಬಣ್ಣಕ್ಕಿಂತ ಒಂದು ಎಳೆ ಮೊದಲೇ ಉರಿ ಆರಿಸಿ.

ತಳದಲ್ಲಿ ಕಲ್ಲಾಗಿ ಉಳಿಯುವುದಕ್ಕೆ ಎರಡು ಮದ್ದು. ಉರಿ ಆರಿಸಿದ ಕೂಡಲೇ ಒಂದು ದೊಡ್ಡ ಚಮಚ ಬಿಸಿ ನೀರನ್ನು ಪಾಕಕ್ಕೆ ಸೇರಿಸಿ. ಭುಸ್ಸೆಂದು ಸಿಡಿಯುತ್ತದೆ, ಮುಖವನ್ನು ದೂರ ಇಡಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ, ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಕ್ಯಾರಮೆಲ್ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ; ತಾಗಿದರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು, ಮಂಜುಗಡ್ಡೆಯಾಗಲಿ ಎಣ್ಣೆಯಾಗಲಿ ಹಚ್ಚಬಾರದು. ಎರಡನೆಯ ಮದ್ದು ತಾಳ್ಮೆ. ಗಟ್ಟಿ ಕ್ಯಾರಮೆಲ್ ಮೇಲಿನ ಕಸ್ಟರ್ಡಿನಿಂದ ತೇವ ಹೀರಿಕೊಂಡು ತಾನಾಗಿ ರಸವಾಗುತ್ತದೆ, ಆದರೆ ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಎರಡೇ ಗಂಟೆಗೆ ಮಗುಚಿದರೆ ಅರ್ಧ ಡಬ್ಬಿಯಲ್ಲೇ ಉಳಿಯುವುದು ಸಹಜ. ಆರು ಗಂಟೆಯಾದರೂ ಫ್ರಿಜ್‌ನಲ್ಲಿರಲಿ, ಒಂದು ರಾತ್ರಿ ಕಳೆದರೆ ಇನ್ನೂ ಒಳ್ಳೆಯದು. ತಟ್ಟೆಗೆ ಇಳಿಯುವ ಕಂದು ರಸ ಈ ಕ್ಯಾರಮೆಲ್ಲೇ, ಅದನ್ನು ನೀರು ಬಿಟ್ಟಿತೆಂದು ತಿಳಿಯಬೇಡಿ. ನೀರು ಬಿಟ್ಟದ್ದು ತಿಳಿ ಹಳದಿಯಾಗಿ, ಮಜ್ಜಿಗೆಯ ಮೇಲಿನ ತಿಳಿಯಂತೆ ಕಾಣುತ್ತದೆ.

ಕಸ್ಟರ್ಡ್ ಮಿಶ್ರಣಕ್ಕೆ ಕೆನೆ ತೆಗೆಯದ ಹಾಲು ಅರ್ಧ ಲೀಟರ್, ಸಕ್ಕರೆ 75ರಿಂದ 80 ಗ್ರಾಂ. ಕ್ಯಾರಮೆಲ್‌ನ ಸಿಹಿಯೂ ಸೇರುವುದರಿಂದ ನಿಮ್ಮ 100 ಗ್ರಾಂ ಸ್ವಲ್ಪ ಹೆಚ್ಚೇ. ಒಂದು ಚಿಟಿಕೆ ಉಪ್ಪು. ಹಾಲು, ಸಕ್ಕರೆಯನ್ನು ಸುಮಾರು 60 ಡಿಗ್ರಿಗೆ ಬಿಸಿ ಮಾಡಿ, ಬೆರಳಿಟ್ಟರೆ ಒಂದೆರಡು ಕ್ಷಣ ಮಾತ್ರ ತಡೆಯುವಷ್ಟು. ಬಿಸಿ ಹಾಲು ಮೊಟ್ಟೆಯನ್ನು ಬೇಯಿಸಿಬಿಡುತ್ತದೆ ಎಂಬ ಹೆದರಿಕೆ ಈ ಮಟ್ಟದಲ್ಲಿ ಬೇಡ. ಕುದಿಯುವ ಹಾಲನ್ನು ಒಮ್ಮೆಗೇ ಸುರಿದರೆ ಮಾತ್ರ ಹಾಗಾಗುತ್ತದೆ. ಮೊಟ್ಟೆಗಳನ್ನು ಫೋರ್ಕಿನಿಂದ ಕದಡಿ, ಬೀಟರ್ ಬೇಡ, ಮಿಕ್ಸಿ ಅಂತೂ ಬೇಡವೇ ಬೇಡ. ನೊರೆ ಎಬ್ಬಿಸಿದಷ್ಟೂ ಗಾಳಿ ಒಳಗೆ ಸೇರಿ ಮೇಲ್ಮೈ ಕುಳಿ ಕುಳಿಯಾಗುತ್ತದೆ. ಅಂದಹಾಗೆ, ತೂತು ಎಲ್ಲಿದೆ ನೋಡಿದರೆ ಕಾರಣ ಗೊತ್ತಾಗುತ್ತದೆ: ಬೇಯಿಸುವಾಗ ಮೇಲಿದ್ದ ಪದರದಲ್ಲಿ ಮಾತ್ರ ದುಂಡು ಗುಳ್ಳೆಗಳಿದ್ದರೆ ಅದು ನೊರೆಯಿಂದ, ಡಬ್ಬಿಯ ಗೋಡೆಗೆ, ತಳಕ್ಕೆ ತಾಗಿದ ಕಡೆ ಸಾಲಾಗಿ ಇದ್ದರೆ ಕಾವಿನಿಂದ. ಹಾಲನ್ನು ಸಣ್ಣ ಧಾರೆಯಾಗಿ ಬೆರೆಸಿ, ವೆನಿಲ್ಲಾ ಹಾಕಿ, ಸೋಸಿ, ಕಾಲು ಗಂಟೆ ಬಿಟ್ಟು ಮೇಲೆ ಬಂದ ನೊರೆ ತೆಗೆಯಿರಿ. ಮೊದಲೇ ಕ್ಯಾರಮೆಲ್ ಸುರಿದು ಗಟ್ಟಿಯಾಗಲು ಬಿಟ್ಟಿರುವ ಅಚ್ಚಿಗೆ ಚಮಚದ ಬೆನ್ನ ಮೇಲಿಂದ ಸುರಿಯಿರಿ. ಮಿಶ್ರಣದ ಆಳ ನಾಲ್ಕೈದು ಸೆಂಟಿಮೀಟರ್ ಮೀರದಿರಲಿ. ಆಳ ಹೆಚ್ಚಿದರೆ ನಡು ಬೇಯುವಷ್ಟರಲ್ಲಿ ಅಂಚು ಕೆಟ್ಟಿರುತ್ತದೆ.

ಬೇಯಿಸಲು ಕುಕ್ಕರಿನ ಪಾತ್ರೆಯನ್ನೇ ಬಳಸಬಹುದು, ಅದರ ಮುಚ್ಚಳ ಮಾತ್ರ ಬೇಡ. ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ಫಾಯಿಲ್ ಮುಚ್ಚಿದ ಅಚ್ಚು ಇಟ್ಟು, ಅಚ್ಚಿನ ಅರ್ಧದವರೆಗೆ ಬಿಸಿ ನೀರು ಹಾಕಿ. ಬಟ್ಟೆ ಇಲ್ಲದಿದ್ದರೆ ಒಲೆಯ ಕಾವು ನೇರವಾಗಿ ತಳಕ್ಕೆ ತಾಗುತ್ತದೆ. ಫಾಯಿಲ್ ಇಲ್ಲದಿದ್ದರೆ ಹಬೆಯ ಹನಿ ಮೇಲೆ ಬಿದ್ದು ಗುಂಡಿಯಾಗುತ್ತದೆ. ಬೇರೊಂದು ತಟ್ಟೆ ಮುಚ್ಚಿ, ಅಂಚಿಗೆ ಮರದ ಚಮಚ ಸಿಕ್ಕಿಸಿ ಸಂದು ಬಿಡಿ. ಉರಿ ಅತಿ ಸಣ್ಣದಿರಲಿ. ನೀರು ಕುದಿಯಬಾರದು, ತಳದಿಂದ ಪುಟ್ಟ ಗುಳ್ಳೆ ಎದ್ದು ಮೇಲ್ಮೈ ನಡುಗುತ್ತಿದ್ದರೆ ಸಾಕು. ಸದ್ದು ಕೇಳಿಸಿತೆಂದರೆ ಉರಿ ಹೆಚ್ಚಾಗಿದೆ. 120ರಿಂದ 150 ಮಿಲಿಯ ಬಟ್ಟಲುಗಳಿಗೆ 15ರಿಂದ 20 ನಿಮಿಷ, ಒಂದೇ ದೊಡ್ಡ ಅಚ್ಚಿಗೆ 40ರಿಂದ 50. ಸ್ಟೀಲ್ ಡಬ್ಬಿಗಿಂತ ಪಿಂಗಾಣಿ ಬಟ್ಟಲಿನಲ್ಲಿ ಕಾವು ನಿಧಾನಕ್ಕೆ ಒಳಗೆ ಇಳಿಯುತ್ತದೆ, ಆದ್ದರಿಂದ ತಪ್ಪಿಗೆ ಜಾಗ ಹೆಚ್ಚು. ಸ್ಟೀಲೇ ಇದ್ದರೆ 35ನೇ ನಿಮಿಷದಿಂದಲೇ ನೋಡತೊಡಗಿ. ವೆಯ್ಟ್ ಹಾಕಿ ಸೀಟಿ ಹೊಡೆಸಿದರೆ ಒಳಗೆ 115ರಿಂದ 120 ಡಿಗ್ರಿಯಾಗುತ್ತದೆ, ಆ ದಾರಿಗೆ ಹೋಗಬೇಡಿ. ಮೈಕ್ರೋವೇವ್ ಒಂದು ಕಡೆ ಕಾಯಿಸಿ ಇನ್ನೊಂದು ಕಡೆ ಬಿಡುವುದರಿಂದ ಅದೂ ಬೇಡ.

ನಡುವೆ ಚಾಕು ಚುಚ್ಚಿ ಅಂಟದೆ ಬರುವವರೆಗೆ ಕಾಯುವ ನಿಮ್ಮ ಪದ್ಧತಿಯನ್ನು ಬಿಡಿ, ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಬಹುಶಃ ಅದೇ. ನಡು ಪೂರ್ತಿ ಗಟ್ಟಿಯಾದಾಗ ಅಂಚು ಆಗಲೇ ಹದ ಮೀರಿರುತ್ತದೆ. ಹೊರಗೆ ತೆಗೆದ ಮೇಲೂ ಅಂಚಿನ ಕಾವು ಒಳಕ್ಕೆ ಇಳಿದು ನಡುವನ್ನು ಬೇಯಿಸುತ್ತದೆ. ಅಚ್ಚನ್ನು ಮೆಲ್ಲಗೆ ಅಲುಗಿಸಿ: ಅಂಚು ನಿಂತಿರಬೇಕು, ನಡುವಿನ ಮೂರ್ನಾಲ್ಕು ಸೆಂಟಿಮೀಟರ್ ಜಾಗ ಒಟ್ಟಾಗಿ ತುಳುಕಬೇಕು. ಅಲೆಯಂತೆ ಹರಿದರೆ ಇನ್ನೂ ಹಸಿ. ಚಾಕು ಚುಚ್ಚಲೇಬೇಕೆಂದರೆ ನಡುವಿಗೂ ಅಂಚಿಗೂ ಮಧ್ಯೆ ಚುಚ್ಚಿ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿನಲ್ಲಿ 79ರಿಂದ 80 ಕಂಡ ಕೂಡಲೇ ತೆಗೆಯಿರಿ. ಮೊಟ್ಟೆಯ ಖಾದ್ಯಗಳಿಗೆ ಸುರಕ್ಷಿತ ಎನ್ನುವ 71 ಡಿಗ್ರಿಯನ್ನು ಅದು ಆಗಲೇ ದಾಟಿರುವುದರಿಂದ ತುಳುಕುವ ನಡು ಹಸಿ ಮೊಟ್ಟೆಯಲ್ಲ. ಬಿಸಿ ನೀರಿನಲ್ಲೇ ಆರಲು ಬಿಡಬೇಡಿ, ಅಲ್ಲೂ ಬೇಯುತ್ತಲೇ ಇರುತ್ತದೆ.

ಓವನ್ ಕೊಂಡರೆ ಸರಿಹೋಗುತ್ತದೆಯೇ ಎಂದರೆ, ಸುಲಭವಾಗುತ್ತದೆ, ತಾನಾಗಿ ಸರಿಹೋಗುವುದಿಲ್ಲ. 150ರಿಂದ 160 ಡಿಗ್ರಿ, ಫ್ಯಾನ್ ಇಲ್ಲದೆ, ತಟ್ಟೆಯಲ್ಲಿ ಬಿಸಿ ನೀರು ಹಾಕಿ ಅದರೊಳಗೆ ಅಚ್ಚಿಟ್ಟು ಬೇಯಿಸಬೇಕು. ಬಟ್ಟಲಿಗೆ ಅರ್ಧ ಗಂಟೆ, ದೊಡ್ಡ ಅಚ್ಚಿಗೆ 45ರಿಂದ 60 ನಿಮಿಷ. ಓವನ್ ಅಷ್ಟು ಕಾದಿದ್ದರೂ ತೆರೆದ ತಟ್ಟೆಯ ನೀರು ಕುದಿಯುವುದಿಲ್ಲ, ಆವಿಯಾಗುತ್ತಾ ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ಇಡೀ ತಟ್ಟೆಗೆ ಫಾಯಿಲ್ ಹೊದಿಸಿದರೆ ಆವಿ ಹೋಗದೆ ನೀರು ಕುದಿಗೆ ಏರುತ್ತದೆ, ಮತ್ತೆ ಅದೇ ತೂತು. ಫಾಯಿಲ್ ಅಚ್ಚಿಗೆ ಮಾತ್ರ. ಇದೊಂದೇ ತಿಂಡಿಗಾಗಿ ಓವನ್ ಕೊಳ್ಳುವ ಬದಲು ಥರ್ಮಾಮೀಟರ್ ಕೊಳ್ಳಿ ಎನ್ನುತ್ತೇನೆ.

ಬೆಂದ ಮೇಲೆ ಅರ್ಧ ಗಂಟೆ ಹೊರಗೆ ಆರಿಸಿ ಫ್ರಿಜ್‌ಗೆ ಸೇರಿಸಿ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಮೂರು ದಿನದೊಳಗೆ ಮುಗಿಸಿ. ಫ್ರೀಜರಿಗೆ ಹಾಕಿದರೆ ಮಂಜಿನ ಹರಳು ಹೆಣಿಗೆಯನ್ನು ಹರಿದುಹಾಕಿ, ಕರಗಿದಾಗ ಪೂರ್ತಿ ನೀರಾಗುತ್ತದೆ. ಮಗುಚುವ ಮೊದಲು ಅಂಚನ್ನು ಬೆರಳಿನಿಂದ ಸುತ್ತಲೂ ಒತ್ತಿ ಗೋಡೆಯಿಂದ ಬಿಡಿಸಿ, ಅಚ್ಚಿನ ತಳವನ್ನು ಬಿಸಿ ನೀರಿನಲ್ಲಿ 20ರಿಂದ 30 ಸೆಕೆಂಡ್ ಹಿಡಿದು, ತಟ್ಟೆ ಮುಚ್ಚಿ ಒಮ್ಮೆಗೇ ತಿರುವಿ. ಅನುಮಾನದಲ್ಲಿ ಅರ್ಧ ತಿರುವಿ ನಿಲ್ಲಿಸಿದರೆ ಮುರಿಯುತ್ತದೆ.

ಹಾಲು ಬದಲಾಯಿಸುವ ಯೋಚನೆಯಿದ್ದರೆ: ಕಂಡೆನ್ಸ್ಡ್ ಮಿಲ್ಕ್ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆದ್ದರಿಂದ ಬೇರೆ ಸಕ್ಕರೆ ಬೇಡ. ಬಾದಾಮಿ ಹಾಲಿನಂಥವುಗಳಲ್ಲಿ ಮೃದುವಾಗಿಯೇ ನಿಲ್ಲುತ್ತದೆ, ಏಕೆಂದರೆ ಹಾಲಿನ ಕ್ಯಾಲ್ಸಿಯಂನಂಥ ಲವಣಗಳು ಹೆಣಿಗೆಗೆ ನೆರವಾಗುತ್ತವೆ. ಮಗುಚುವ ಆಸೆ ಬಿಟ್ಟು ಬಟ್ಟಲಿನಲ್ಲೇ ಕೊಡಿ. ಮೊಟ್ಟೆಯೇ ಬೇಡವೆಂದರೆ ಅರ್ಧ ಲೀಟರಿಗೆ ಎರಡೂವರೆ ಗ್ರಾಂ ಅಗರ್ (ಚೈನಾ ಗ್ರಾಸ್) ಪುಡಿ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಬೇಕು. ಅದು ನಿಲ್ಲುತ್ತದೆ, ಚಾಕುವಿಗೆ ಅಚ್ಚುಕಟ್ಟಾಗಿ ಕತ್ತರಿಸುತ್ತದೆ, ಆದರೆ ಬಾಯಲ್ಲಿ ಕರಗುವ ಗುಣ ಬರುವುದಿಲ್ಲ.

ತೂತಾದದ್ದು ಈಗಾಗಲೇ ಫ್ರಿಜ್‌ನಲ್ಲಿದ್ದರೆ ಬಿಸಾಡಬೇಡಿ. ತಿನ್ನಲು ಯಾವ ತೊಂದರೆಯೂ ಇಲ್ಲ. ಬಿಗಿದ ಪ್ರೋಟೀನನ್ನು ಮತ್ತೆ ಸಡಿಲಿಸಲಾಗದು, ನುಣ್ಣಗೆ ಅರೆಯಬಹುದಷ್ಟೇ. ಬಿಟ್ಟ ನೀರನ್ನು ಬಗ್ಗಿಸಿ, ಎರಡು ಮೂರು ಚಮಚ ತಣ್ಣನೆಯ ಹಾಲು, ಕ್ಯಾರಮೆಲ್ ರಸ ಸೇರಿಸಿ ಮಿಕ್ಸಿಯಲ್ಲಿ ಅರ್ಧ ನಿಮಿಷ ತಿರುಗಿಸಿ ಸೋಸಿದರೆ ಹೆಚ್ಚಿದ ಹಣ್ಣಿನ ಮೇಲೆ, ಉಳಿದ ಕೇಕಿನ ತುಂಡುಗಳ ಮೇಲೆ ಸುರಿದುಕೊಳ್ಳುವ ಒಳ್ಳೆಯ ಸಾಸ್ ಆಗುತ್ತದೆ. ಅದನ್ನು ಅಂದೇ ಮುಗಿಸಿ.